ಅನಿವಾರ್ಯ ಎಂದು ಬರೆದ ಕೈ

ಜನವರಿ 12

ಮಗಳೇ,

ಅಪ್ಪ ಕಾಗದ ಬರೆದಿದ್ದಾನಲ್ಲ, ತಲೆಗಿಲೆ ಕೆಟ್ಟಿತೇ ಎಂದು ಹೆದರಬೇಡ. ಹೋದ ವಾರದಿಂದ ನಡುಸಮುದ್ರದ ಈ ಎಣ್ಣೆ ರಿಗ್ಗಿನಲ್ಲಿ ನಮಗೆ ಇಂಟರ್ನೆಟ್ ಇಲ್ಲ. ಉಳಿತಾಯವಂತೆ. ಮನೆಗೆ ಫೋನು ಹದಿನೈದು ದಿನಕ್ಕೊಮ್ಮೆ, ಐದೇ ನಿಮಿಷ. ಅದೂ ಬೆನ್ನ ಹಿಂದೆ ಹತ್ತು ಜನ ಸಾಲು ನಿಂತು ಕೆಮ್ಮುತ್ತಿರುತ್ತಾರೆ. ನಿನ್ನಮ್ಮ “ಊಟ ಆಯ್ತಾ” ಎಂದು ಕೇಳಿ ನಾನು “ಆಯ್ತು” ಎನ್ನುವಷ್ಟರಲ್ಲಿ ಕರೆ ಮುಗಿದಿರುತ್ತದೆ. ಹೆಲಿಕಾಪ್ಟರಿನಲ್ಲಿ ಅಂಚೆಯ ಚೀಲ ಮಾತ್ರ ಈಗಲೂ ಹೋಗಿ ಬರುತ್ತಿದೆ. ಅದನ್ನು ನಿಲ್ಲಿಸಲು ಯಾರಿಗೂ ಇನ್ನೂ ನೆನಪಾಗಿಲ್ಲ.

ಎಣ್ಣೆಯ ಬೆಲೆ ಬಿದ್ದ ಸುದ್ದಿ ನಿನಗೆ ನಾನು ಹೇಳಬೇಕಾಗಿಲ್ಲ. ಹೆಡ್ಡಾಫೀಸಿನ ಸಂಬಳ ವಿಭಾಗದಲ್ಲಿ ಕೂತವಳು ನೀನು. ಸೋಮವಾರ ದಡದಿಂದ ದೊಡ್ಡ ಮ್ಯಾನೇಜರು ಬಂದರು. ಊಟದ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ “ನಾವೆಲ್ಲಾ ಒಂದೇ ಕುಟುಂಬ” ಎಂದರು. ನನ್ನ ಪಕ್ಕದಲ್ಲಿದ್ದ ಗುಬ್ಬಿ ಮೆಲ್ಲಗೆ “ಹಂಗಾದ್ರೆ ಸಂಬಳ ಕಟ್” ಎಂದ. ಹಾಗೇ ಆಯಿತು. ಹತ್ತರಲ್ಲಿ ಒಂದು ಪಾಲು ಹೋಯಿತು. ಯಾರನ್ನೂ ಕೆಲಸದಿಂದ ತೆಗೆಯಬಾರದೆಂದೇ ಈ ಕಡಿತ ಎಂದು ಮೂರು ಸಲ ಹೇಳಿದರು. ನಾವು ಸಹಿ ಹಾಕಿದೆವು.

ನಿನ್ನ ಗುಬ್ಬಿ ಮಾಮ ಹಾಗೇ ಇದ್ದಾನೆ. ಹೆಸರು ಗುಬ್ಬಿ, ಗಾತ್ರ ಆನೆ. ತೊಂಬತ್ತು ಅಡಿ ಎತ್ತರದ ಗೋಪುರದ ತುದಿಯಲ್ಲಿ ನಿಂತು ಕೆಳಗಿನಿಂದ ಬರುವ ಕೊಳವೆಗಳನ್ನು ಹಿಡಿದು ಸಾಲಿಗೆ ಸೇರಿಸುವಾಗ ಮಾತ್ರ ಆ ಹೆಸರು ಅವನಿಗೆ ಒಪ್ಪುತ್ತದೆ. ಕೆಳಗೆ ಕೊರೆಯುವ ಯಂತ್ರದ ಹಿಡಿ ನನ್ನದು, ಮೇಲೆ ಅವನು. ಇಪ್ಪತ್ತೆರಡು ವರ್ಷ ಹೀಗೇ ಕಳೆಯಿತು. ನಾನು ತಲೆ ಎತ್ತಿ ನೋಡುವುದೂ ಇಲ್ಲ. ಅವನು ಅಲ್ಲಿದ್ದಾನೆ ಎಂದು ಕೈಗೇ ಗೊತ್ತಾಗುತ್ತದೆ.

ಅಮ್ಮನಿಗೆ ಹೇಳು, ಹೊಲಿಗೆ ಹೆಚ್ಚು ಒಪ್ಪಿಕೊಳ್ಳಬೇಡ ಎಂದು. ಕಣ್ಣು ಹೋದರೆ ಯಾವ ಕಂಪನಿಯೂ ಕೊಡುವುದಿಲ್ಲ.

ನಿನ್ನ
ಅಪ್ಪ


ಫೆಬ್ರವರಿ 3

ಅಪ್ಪ,

ನಿನ್ನ ಕೈಬರಹ ನೋಡಿ ಅಮ್ಮ ನಕ್ಕಳು. “ಮದುವೆಗೆ ಮುಂಚೆ ಒಂದೂ ಬರೀಲಿಲ್ಲ, ಈಗ ಬರೀತಾರೆ ನೋಡು” ಎಂದಳು. ಆಮೇಲೆ ಅದನ್ನು ಮಡಿಸಿ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಇಟ್ಟುಕೊಂಡಳು.

ನಾವು ಮನೆ ಬದಲಿಸಿದೆವು. ನಿನಗೆ ಹೇಳದೆ ಮಾಡಿದ್ದಕ್ಕೆ ಬಯ್ಯಬೇಡ, ಐದು ನಿಮಿಷದಲ್ಲಿ ಅದನ್ನು ಹೇಗೆ ಹೇಳುವುದು? ಮಹಡಿ ಮನೆ ಬಿಟ್ಟು ಮುದ್ರಣಾಲಯದ ಹಿಂದಿರುವ ಎರಡು ಕೋಣೆಗೆ ಬಂದಿದ್ದೇವೆ. ಹಗಲೆಲ್ಲಾ ಗೋಡೆಯಾಚೆ ಯಂತ್ರ ದಡಬಡ ಎನ್ನುತ್ತದೆ, ತಟ್ಟೆಯಲ್ಲಿ ಚಮಚ ತಾನಾಗಿ ನಡುಗುತ್ತದೆ. “ಮನೆ ಚಿಕ್ಕದಾದ್ರೆ ಗುಡಿಸೋದು ಕಡಿಮೆ” ಎನ್ನುತ್ತಾಳೆ ಅಮ್ಮ. ನಿನ್ನ ಮಂಚ ಬಾಗಿಲಲ್ಲಿ ಹಿಡಿಸಲಿಲ್ಲ. ಅದನ್ನು ಮಾರಿದೆವು. ನೀನು ಬಂದಾಗ ನಾನು ಅಮ್ಮನ ಜೊತೆ ಮಲಗುತ್ತೇನೆ, ನನ್ನ ಮಂಚ ನಿನಗೆ.

ಆಫೀಸಿನಲ್ಲಿ ಎರಡು ಟ್ಯೂಬ್‌ಲೈಟಿಗೊಂದು ಕಿತ್ತಿದ್ದಾರೆ. ಚಹಾದ ಯಂತ್ರ ಹೋಯಿತು. ನನ್ನ ಎದುರಿನ ಮೇಜಿನವಳು ಶುಕ್ರವಾರ ಛತ್ರಿ ಮರೆತು ಹೋದಳು. ಸೋಮವಾರ ಅದನ್ನು ಕೊಡೋಣವೆಂದರೆ ಅವಳ ಕುರ್ಚಿಯೇ ಇರಲಿಲ್ಲ. ನನಗೂ ಸಂಬಳ ಕಡಿಮೆಯಾಗಿದೆ, ಆದರೆ ಕೆಲಸ ಹೆಚ್ಚು. ಬೇರೆಯವರ ಸಂಬಳ ಕತ್ತರಿಸುವುದೂ ಒಂದು ಕೆಲಸವಲ್ಲವೇ, ಅದಕ್ಕೂ ಜನ ಬೇಕು.

ಅಪ್ಪ, ಒಂದು ಮಾತು. ದಡಕ್ಕೆ ಬಂದಾಗ ಏನೂ ಕೊಳ್ಳಬೇಡ. ಹೊಸ ಬೂಟು ಬೇಕೆಂದಿದ್ದೆಯಲ್ಲ, ಸ್ವಲ್ಪ ತಡೆ. ಕಾರಣ ಕೇಳಬೇಡ.

ಮಗಳು


ಮಾರ್ಚ್ 9

ಮಗಳೇ,

ಕಾರಣ ಕೇಳಲಿಲ್ಲ, ಅದೇ ಬಂತು. ಈ ಸಲ ಸಂಬಳದ ನಾಲ್ಕರಲ್ಲಿ ಒಂದು ಪಾಲು. ಭಾಷಣವೂ ಇಲ್ಲ, ಸೂಚನಾ ಫಲಕಕ್ಕೆ ಒಂದು ಹಾಳೆ ಅಂಟಿಸಿ ಹೋದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಚಾಚುವುದಿರಲಿ, ಮಡಿಸಿಕೊಂಡು ಮಲಗಿದ್ದೇವೆ. ಹಾಸಿಗೆಯನ್ನೇ ತಿಂಗಳು ತಿಂಗಳು ಕತ್ತರಿಸಿದರೆ ಕಾಲನ್ನು ಎಲ್ಲಿಡುವುದು?

ಇಪ್ಪತ್ತೆಂಟು ದಿನದ ಪಾಳಿಗೆ ಈಗ ಲೆಕ್ಕವೇ ಇಲ್ಲ, ಬದಲಿ ತಂಡ ಬರುವವರೆಗೆ ದಡಕ್ಕೆ ಬಿಡುವುದಿಲ್ಲವಂತೆ. ಬಟ್ಟೆ ಒಗೆಯುವವರನ್ನು ಕಳಿಸಿದರು, ನಾವೇ ಒಗೆದುಕೊಳ್ಳುತ್ತೇವೆ. ಅಡುಗೆಯವನೊಬ್ಬನೇ ಉಳಿದಿದ್ದಾನೆ, ಅವನಿಗೆ ಮೊಟ್ಟೆ ಬೇಯಿಸುವುದೊಂದೇ ಉತ್ಸಾಹ. ಗಾಯದ ಮೇಲೆ ಬರೆ ಎಂಬಂತೆ, ಇನ್ನೊಂದು ಸುದ್ದಿ ಹಬ್ಬಿದೆ. ಪ್ರತಿ ತಂಡದಿಂದ ಒಬ್ಬೊಬ್ಬರನ್ನು ತೆಗೆಯುತ್ತಾರಂತೆ, ಅತಿ ಹೆಚ್ಚು ಸಂಬಳದವನು ಮೊದಲು. ನಮ್ಮ ತಂಡದಲ್ಲಿ ಅದು ನಾನು. ನಾನೇನೂ ಎದೆ ಒಡೆದುಕೊಂಡಿಲ್ಲ. ಐವತ್ತಾರು ತುಂಬಿತು. ನನ್ನ ಮೊಣಕೈ ಮಳೆ ಬರುವ ಮೊದಲೇ ಹೇಳುತ್ತದೆ. ನೀನು ದುಡಿಯುತ್ತೀಯ, ಅಮ್ಮ ಹೊಲಿಯುತ್ತಾಳೆ, ನಾನು ಯಾವುದಾದರೂ ಗ್ಯಾರೇಜಿನಲ್ಲಿ ಕೂರುತ್ತೇನೆ. ಈಗಾಗಲೇ ಚೀಲ ತುಂಬಿಟ್ಟಿದ್ದೇನೆ.

ಗುಬ್ಬಿಯದು ಬೇರೆ ಕಥೆ. ಅವನ ಹೆಂಡತಿಗೆ ಪಾರ್ಶ್ವವಾಯು ಹೊಡೆದದ್ದು ನಿನಗೆ ಗೊತ್ತಲ್ಲ. ಕಂಪನಿಯ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನ ಕೈಗೆ ವ್ಯಾಯಾಮ ಮಾಡಿಸುತ್ತಾರೆ. ಹೋದ ತಿಂಗಳು ಬಲಗೈಯಲ್ಲಿ ಲೋಟ ಹಿಡಿದಳಂತೆ. ಅದನ್ನು ಹೇಳುವಾಗ ಇವನು ತನ್ನ ಲೋಟವನ್ನು ಎತ್ತಿ ತೋರಿಸಿದ, ಕೈ ಹೇಗೆ ನಡುಗಿತು ಎಂದು. ಊಟದ ಹಾಲಿನಲ್ಲಿದ್ದ ಇಷ್ಟು ಗಂಡಸರು ಒಂದು ಲೋಟವನ್ನು ನೋಡುತ್ತಾ ಕೂತೆವು. ನಾನು ಹೋದರೂ ಅವನು ಉಳಿಯುತ್ತಾನೆ ಎಂಬುದೊಂದು ಸಮಾಧಾನ.

ಅಪ್ಪ


ಏಪ್ರಿಲ್ 2

ಅಪ್ಪ,

ಚೀಲ ಬಿಚ್ಚು. ಗಾಳಿಮಾತು ನಂಬಿ ಗಂಟುಮೂಟೆ ಕಟ್ಟಬೇಡ.

ಇಲ್ಲಿ ಎಲ್ಲಾ ಚೆನ್ನಾಗಿದೆ. ಅಮ್ಮನಿಗೆ ಶಾಲೆಯೊಂದರ ಸಮವಸ್ತ್ರದ ಕೆಲಸ ಸಿಕ್ಕಿದೆ. ಕೋಣೆಯ ತುಂಬಾ ನೀಲಿ ಬಟ್ಟೆ, ಕಾಲಿಡಲು ಜಾಗವಿಲ್ಲ. ನನಗೆ ಸ್ವಲ್ಪ ಕೆಮ್ಮು, ಅಷ್ಟೇ.

ಸುಮ್ಮನೆ ಕೇಳುತ್ತೇನೆ, ಗುಬ್ಬಿ ಮಾಮನಿಗೆ ಬೇರೆ ಏನಾದರೂ ಕೆಲಸ ಬರುತ್ತದೆಯೇ? ಗಾಡಿ ಓಡಿಸುವುದೋ, ಬೆಸುಗೆಯೋ? ಅವರ ಹೆಂಡತಿಯ ಕಡೆಯವರು ಯಾರಾದರೂ ಅನುಕೂಲಸ್ಥರಿದ್ದಾರೆಯೇ?

ಉತ್ತರಿಸಲು ಅವಸರವಿಲ್ಲ.

ಮಗಳು


ಏಪ್ರಿಲ್ 20

ಮಗಳೇ,

ನಿನ್ನ ಕಾಗದ ಬಂದ ಹೆಲಿಕಾಪ್ಟರಿನಲ್ಲೇ ಗುಬ್ಬಿ ಹೋದ.

ಬೆಳಿಗ್ಗೆ ಹತ್ತು ಗಂಟೆ. ನಾವು ಕೊಳವೆ ಎತ್ತುತ್ತಿದ್ದೆವು. ಹೆಲಿಕಾಪ್ಟರಿನಿಂದ ಇಳಿದವನೊಬ್ಬ ಒಂದು ಲಕೋಟೆ ತಂದು ನಮ್ಮ ಮೇಲ್ವಿಚಾರಕನಿಗೆ ಕೊಟ್ಟ. ಅವನು ಓದಿ ನನ್ನ ಕಡೆ ನೋಡಿದ. ನಾನು ಯಂತ್ರ ನಿಲ್ಲಿಸಿ ಕೈಗವಸು ಕಳಚಿದೆ, “ಬಂದೆ, ಚೀಲ ತಯಾರಿದೆ” ಎಂದೆ. ಅವನು ತಲೆ ಅಲ್ಲಾಡಿಸಿದ. ಬೆರಳು ಎತ್ತಿ ಮೇಲೆ ತೋರಿಸಿದ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವನನ್ನು ಕೆಲಸದ ಮಧ್ಯೆ ಕೆಳಗೆ ಕರೆದೆ. ಏಣಿಯ ಮೇಲೆ ಅವನು ಇಳಿದು ಬರುವುದನ್ನು ನೋಡುತ್ತಾ ನಿಂತೆ. ಅಷ್ಟು ದೊಡ್ಡ ದೇಹ, ಒಂದೊಂದೇ ಮೆಟ್ಟಿಲು. ನನಗೇನೋ ಆಗಿದೆಯೆಂದು ಅವನು ತಿಳಿದಿದ್ದ. ಕೆಳಗೆ ಬಂದವನೇ ನನ್ನ ಭುಜ ಹಿಡಿದು, “ಕೊಟ್ಟುಬಿಟ್ರಾ ನಿನಗೆ? ಹೋಗ್ಲಿ ಬಿಡು, ಮಗಳಿದಾಳೆ, ಯೋಚನೆ ಮಾಡಬೇಡ” ಎಂದ. ಮೇಲ್ವಿಚಾರಕನೇ ಲಕೋಟೆ ಕೊಟ್ಟ.

ಅವನು ಓದಿದ. ಮತ್ತೆ ಓದಿದ. “ನಂದಾ?” ಎಂದ. ಅಷ್ಟೇ. ಇಪ್ಪತ್ತು ನಿಮಿಷ ಕೊಟ್ಟಿದ್ದರು. ಬಟ್ಟೆ ತುಂಬಿಕೊಳ್ಳಲು ಅವನಿಗೆ ಚೀಲವೂ ಸರಿಯಾದುದಿರಲಿಲ್ಲ, ನನ್ನದನ್ನು ಖಾಲಿ ಮಾಡಿ ಕೊಟ್ಟೆ. ಹೆಲಿಕಾಪ್ಟರಿನ ರೆಕ್ಕೆಯ ಸದ್ದಿನಲ್ಲಿ ಅವನೇನೋ ಕೂಗಿ ಹೇಳಿದ, ನನಗೆ ಕೇಳಿಸಲಿಲ್ಲ. ಕೇಳಿಸಿತು ಎಂಬಂತೆ ಕೈ ಬೀಸಿದೆ.

ಮಗಳೇ, ಇದರಲ್ಲೇನೋ ತಪ್ಪಾಗಿದೆ. ನನ್ನ ಸಂಬಳ ಅವನದಕ್ಕಿಂತ ಹೆಚ್ಚು. ಅವರದೇ ನಿಯಮದ ಪ್ರಕಾರ ನಾನು ಹೋಗಬೇಕಿತ್ತು. ಯಾರೋ ಬೇಕೆಂದೇ ತಿರುಚಿದ್ದಾರೆ. ತಣ್ಣಗಿನ ಕೋಣೆಯಲ್ಲಿ ಕೂತು ಆ ಪಟ್ಟಿ ಬರೆದವರು ಯಾರೋ, ಅವರ ಕೈ ಸೇದಿಹೋಗಲಿ. ಅವನ ಹೆಂಡತಿ ಅನ್ನದ ತುತ್ತಿಗೆ ಹೇಗೆ ಒದ್ದಾಡುತ್ತಾಳೋ ಅವರೂ ಹಾಗೇ ಒದ್ದಾಡಲಿ. ನಾನು ಯಾರಿಗೂ ಶಾಪ ಹಾಕಿದವನಲ್ಲ. ಇದನ್ನು ಹಾಕುತ್ತೇನೆ.

ನೀನು ಅಲ್ಲೇ ಇದ್ದೀಯ. ಯಾರು ಮಾಡಿದ್ದೆಂದು ಕೇಳಿ ತಿಳಿಸು.

ಅಪ್ಪ


ಮೇ 11

ಮಗಳೇ,

ಎರಡು ಸಲ ಅಂಚೆಯ ಚೀಲ ಬಂತು, ನಿನ್ನ ಕಾಗದವಿಲ್ಲ. ಫೋನಿನಲ್ಲಿ ಅಮ್ಮ “ಅವಳು ಸರಿಯಾಗಿ ಉಣ್ತಿಲ್ಲ” ಎಂದಳು. ನೀನು ಪಕ್ಕದಲ್ಲೇ ಇದ್ದರೂ ಮಾತಾಡಲಿಲ್ಲವಂತೆ.

ಗೋಪುರದ ಮೇಲೆ ಈಗ ಕಾಯಂ ಆಗಿ ಯಾರೂ ಇಲ್ಲ. ಇಬ್ಬರ ಕೆಲಸವನ್ನು ಒಬ್ಬ ಮೇಲೆ ಹತ್ತಿ ಇಳಿದು ಮಾಡುತ್ತಾನೆ. ನಾನು ಈಗ ಪ್ರತಿ ಕೊಳವೆಗೂ ತಲೆ ಎತ್ತಿ ನೋಡುತ್ತೇನೆ.

ವಿಷಯ ತಿಳಿಯಿತೇ?

ಅಪ್ಪ


ಮೇ 25

ಅಪ್ಪ,

ತಿಳಿಯಿತು. ಮೊದಲಿಂದ ತಿಳಿದಿತ್ತು. ಆ ಪಟ್ಟಿ ಮಾಡಿದವಳು ನಾನು.

ಇದನ್ನು ಬೇರೆ ಹೇಗೂ ಬರೆಯಲು ನನಗೆ ಬರುತ್ತಿಲ್ಲ. ಆರು ಹಾಳೆ ಹರಿದಿದ್ದೇನೆ.

ಮಾರ್ಚ್ ಕೊನೆಯಲ್ಲಿ ನಮ್ಮ ಮುಖ್ಯಸ್ಥೆ ನನ್ನನ್ನು ಕರೆದು ಒಂದು ಫೈಲು ಕೊಟ್ಟರು. ಎಲ್ಲಾ ರಿಗ್ಗುಗಳ ತಂಡಗಳು, ಹೆಸರಿಲ್ಲ, ನಂಬರು ಮಾತ್ರ, ಸಂಬಳದ ಪ್ರಕಾರ ಮೇಲಿನಿಂದ ಕೆಳಗೆ. ಪ್ರತಿ ತಂಡದ ಮೊದಲ ನಂಬರಿಗೆ ಗುರುತು ಬಿದ್ದಿತ್ತು. ಕೊನೆಯಲ್ಲೊಂದು ಅಂಕಣ, ‘ಕೆಲಸಕ್ಕೆ ಅನಿವಾರ್ಯವೇ?’ ಎಂದು. ಅದರಲ್ಲಿ ‘ಅನಿವಾರ್ಯ’ ಎಂದು ಬರೆದರೆ ಗುರುತು ತಾನಾಗಿ ಕೆಳಗಿನ ನಂಬರಿಗೆ ಇಳಿಯುತ್ತದೆ. “ರಿಗ್ಗಿನವರು ಕಳಿಸಿರೋ ಟಿಪ್ಪಣಿ ನೋಡ್ಕೊಂಡು ನೀನೇ ತುಂಬಿಬಿಡಮ್ಮ, ನಂಗೆ ಮೀಟಿಂಗಿದೆ” ಎಂದು ಹೊರಟುಹೋದರು.

ನಿನ್ನ ನಂಬರು ನನಗೆ ಅಕ್ಷರ ಕಲಿಯುವ ಮುಂಚೆಯೇ ಬರುತ್ತಿತ್ತು. ನಿನ್ನ ಹೆಲ್ಮೆಟ್ಟಿನ ಮೇಲೆ ಬಿಳಿ ಬಣ್ಣದಲ್ಲಿತ್ತಲ್ಲ. ಅದರ ಪಕ್ಕ ಗುರುತಿತ್ತು. ರಿಗ್ಗಿನವರ ಟಿಪ್ಪಣಿಯಲ್ಲಿ ನಿನ್ನ ಬಗ್ಗೆ ಏನೂ ಇರಲಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ನಿನ್ನ ಇಪ್ಪತ್ತಾರು ವರ್ಷದ ನೌಕರಿಗೆ ಒಂದು ಖಾಲಿ ಜಾಗ. ನಾನು ಅದರ ಮುಂದೆ ‘ಅನಿವಾರ್ಯ’ ಎಂದು ಬರೆದೆ.

ಕೆಳಗಿನ ನಂಬರು ಯಾರದೆಂದು ನೋಡದೆ ಬರೆದಿದ್ದರೆ ಇವತ್ತು ನಿನ್ನ ಕಾಲು ಹಿಡಿದು ಗೊತ್ತಿರಲಿಲ್ಲ ಎನ್ನಬಹುದಿತ್ತು. ನೋಡಿದೆ, ಅಪ್ಪ. ಇನ್ನೊಂದು ಫೈಲು ತೆಗೆದು, ನಂಬರು ಹಾಕಿ, ಹೆಸರು ನೋಡಿದೆ. ಅವರ ಹೆಂಡತಿಯ ಲೋಟದ ವಿಷಯ ನಿನ್ನ ಕಾಗದದಲ್ಲಿ ಓದಿ ವಾರವೂ ಆಗಿರಲಿಲ್ಲ. ಒಂದು ಗಂಟೆ ಸುಮ್ಮನೆ ಕೂತೆ. ಅಳಿಸಬಹುದಿತ್ತು. ಅಳಿಸಲಿಲ್ಲ. ನಿನ್ನ ಮೊಣಕೈ, ಅಮ್ಮನ ಕಣ್ಣು, ಬಾಗಿಲಲ್ಲಿ ಹಿಡಿಸದ ಮಂಚ, ಏನೇನೋ ತಲೆಯಲ್ಲಿ ಬಂತು. ಆದರೆ ನಿಜ ಹೇಳುತ್ತೇನೆ, ಕೊನೆಗೆ ಕಾರಣ ಇಷ್ಟೇ. ನೀನು ನನ್ನ ಅಪ್ಪ. ಅವರು ಅಲ್ಲ.

ನಿನ್ನ ಏಪ್ರಿಲ್ ಕಾಗದವನ್ನು ಅಮ್ಮ ಊಟ ಮಾಡುತ್ತಾ ಗಟ್ಟಿಯಾಗಿ ಓದಿದಳು. ‘ಅವರ ಕೈ ಸೇದಿಹೋಗಲಿ’ ಎಂಬಲ್ಲಿ ನಿಲ್ಲಿಸಿ, “ಪಾಪ, ಎಷ್ಟು ನೊಂದಿದಾರೆ. ಹೋಗ್ಲಿ, ಆ ಪುಣ್ಯಾತ್ಮ ಯಾರೋ ನಮ್ಮ ಪಾಲಿಗೆ ದೇವರಾದ” ಎಂದಳು. ನನ್ನ ಕೈ ತಟ್ಟೆಯಲ್ಲಿತ್ತು. ಅದನ್ನು ಬಾಯಿಗೆ ಎತ್ತಲು ಆಗಲಿಲ್ಲ.

ನಿನಗೆ ಏನು ಅನಿಸುತ್ತದೋ ಅದನ್ನು ಬರೆ. ಬರೆಯದೆ ಮಾತ್ರ ಇರಬೇಡ.

ಮಗಳು


ಜೂನ್ 22

ಅಪ್ಪ,

ನೀನು ಬರೆಯಲಿಲ್ಲ. ನಿನ್ನ ಅರ್ಜಿ ಬಂತು.

ನಿನಗೆ ಗೊತ್ತಿತ್ತೋ ಇಲ್ಲವೋ, ರಾಜೀನಾಮೆಗಳೆಲ್ಲಾ ನನ್ನ ಮೇಜಿಗೇ ಬರುತ್ತವೆ. ಹದಿನೇಳು ಲಕೋಟೆಗಳ ನಡುವೆ ನಿನ್ನ ಅಕ್ಷರ. “ನನ್ನ ಸ್ಥಾನವನ್ನು ಬಿಟ್ಟುಕೊಡುತ್ತಿದ್ದೇನೆ. ಇದಕ್ಕೆ ಪ್ರತಿಯಾಗಿ ನಮ್ಮ ತಂಡದಿಂದ ತೆಗೆಯಲಾದವರನ್ನು ವಾಪಸು ಕರೆಸಿಕೊಳ್ಳಬೇಕಾಗಿ ಕೋರಿಕೆ.” ಅದನ್ನು ಕೈಯಲ್ಲಿ ಹಿಡಿದು ಮುಖ್ಯಸ್ಥೆಯ ಬಳಿ ಓಡಿದೆ. ಅವರು ಕೆಟ್ಟವರಲ್ಲ. ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

“ವಾಪಸ್ ಎಲ್ಲಿಗಮ್ಮ ಕರೆಸೋದು?” ಎಂದರು. “ಆ ಹುದ್ದೆನೇ ಈಗಿಲ್ಲ. ಮೇಲಿನವರು ಅಳಿಸಿಯಾಯ್ತು.”

“ಹಂಗಾದ್ರೆ ಈ ಅರ್ಜಿ ತಿರಸ್ಕರಿಸಿ ಮೇಡಂ. ಅವರು ಷರತ್ತು ಹಾಕಿ ಬರೆದಿದಾರೆ.”

“ರಾಜೀನಾಮೆಗೆ ಷರತ್ತು ಇರಲ್ಲ. ಅದೂ ಈಗ.” ಅರ್ಜಿಯ ಕೆಳಗಿನ ಹೆಸರು ನೋಡಿ, “ಇವರು ನಿನಗೇನಾಗಬೇಕು?” ಎಂದು ಕೇಳಿದರು.

ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದರು. ನನ್ನನ್ನು ಅಳಲು ಬಿಟ್ಟು ಕಿಟಕಿಯ ಕಡೆ ತಿರುಗಿ ನಿಂತರು. ಆಮೇಲೆ ಅವರೇ ಸಹಿ ಹಾಕಿದರು. ಅದನ್ನು ದಾಖಲಿಸಿದ್ದು ನಾನೇ, ಬೇರೆ ಯಾರೂ ಉಳಿದಿಲ್ಲ. ಈಗ ನಿನ್ನ ಹುದ್ದೆಯೂ ಇಲ್ಲ, ಗುಬ್ಬಿ ಮಾಮನದೂ ಇಲ್ಲ. ಎರಡನ್ನೂ ಕಳೆದವಳು ನಾನು.

ಅಮ್ಮನಿಗೆ ಎಲ್ಲಾ ಹೇಳಿದೆ. ಅವಳು ಯಂತ್ರದ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿ, “ನಿಮ್ಮಪ್ಪಂಗೆ ಹೇಳಬಾರದಿತ್ತು” ಎಂದಳು. ಆಮೇಲೆ ಹೊಲಿಗೆ ಮುಂದುವರಿಸಿದಳು.

ನೀನು ಹೆಲಿಕಾಪ್ಟರಿನಿಂದ ಇಳಿದು ಹನ್ನೊಂದು ದಿನವಾಯಿತು. ಮನೆಗೆ ಬಂದಿಲ್ಲ. ಗುಬ್ಬಿ ಮಾಮನ ಮನೆ ಬಂದರಿನ ಹತ್ತಿರವಲ್ಲವೇ, ಅಲ್ಲಿರಬಹುದೆಂದು ಈ ಕಾಗದವನ್ನು ಆ ವಿಳಾಸಕ್ಕೆ ಹಾಕುತ್ತಿದ್ದೇನೆ. ಲಕೋಟೆಯ ಮೇಲೆ ನನ್ನ ಹೆಸರು ಬರೆದಿಲ್ಲ.

ಬಾ ಅಪ್ಪ. ಬೈಯಲಾದರೂ ಬಾ.

ಮಗಳು


ಆಗಸ್ಟ್ 6

ಮಗಳೇ,

ನಾನು ಇಲ್ಲೇ ಇದ್ದೇನೆ. ಬದುಕಿದ್ದೇನೆ. ಅಮ್ಮನಿಗೆ ಹಣ ಕಳಿಸುತ್ತಿರುವುದರಿಂದ ಅದು ನಿಮಗೆ ಗೊತ್ತಿದೆ.

ಬಂದರಿನ ಹಿಂದೆ ಒಂದು ದೊಡ್ಡ ಬಯಲಿದೆ. ಕೆಲಸವಿಲ್ಲದ ರಿಗ್ಗುಗಳ ಕೊಳವೆಗಳನ್ನೆಲ್ಲಾ ತಂದು ಅಲ್ಲಿ ಪೇರಿಸುತ್ತಾರೆ. ಅವಕ್ಕೆ ತುಕ್ಕು ಹಿಡಿಯದಂತೆ ಉಜ್ಜಿ ಎಣ್ಣೆ ಬಳಿಯುವುದು ನಮ್ಮ ಕೆಲಸ. ದಿನಗೂಲಿ. ನಾನೂ ಗುಬ್ಬಿಯೂ ಒಂದೇ ಕೊಳವೆಯ ಎರಡು ತುದಿಯಿಂದ ಶುರು ಮಾಡಿ ಮಧ್ಯದಲ್ಲಿ ಸೇರುತ್ತೇವೆ. ಅವನು ನೆಲದ ಮೇಲೆ ಕೂತು ಕೆಲಸ ಮಾಡುವುದನ್ನು ನೋಡಲು ನನ್ನ ಕಣ್ಣಿಗೆ ಇನ್ನೂ ರೂಢಿಯಾಗಿಲ್ಲ.

ಅವನ ಹೆಂಡತಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿತು. ವ್ಯಾಯಾಮವನ್ನು ಗುಬ್ಬಿಯೇ ಮಾಡಿಸಲು ನೋಡಿದ, ಅವನ ಕೈ ಒರಟು, ಅವಳಿಗೆ ನೋವಾಯಿತು. ಬಲಗೈ ಮತ್ತೆ ಮಡಿಲಿಗೆ ಬಿದ್ದಿದೆ. ಅವಳು ದೂರುವುದಿಲ್ಲ. ಎಡಗೈಯಲ್ಲಿ ನನಗೆ ಬಡಿಸುತ್ತಾಳೆ.

ನಿನ್ನ ಎರಡೂ ಕಾಗದ ಓದಿದೆ. ನಿನ್ನ ಮೇಲೆ ಕೂಗಾಡೋಣವೆಂದು ಎಷ್ಟೋ ದಿನ ಮನಸ್ಸಿನಲ್ಲೇ ಮಾತು ಜೋಡಿಸಿದೆ. ಆಮೇಲೆ ನನ್ನನ್ನೇ ಕೇಳಿಕೊಂಡೆ. ಆ ಕುರ್ಚಿಯಲ್ಲಿ ನಾನು ಕೂತಿದ್ದು, ಗುರುತು ನಿನ್ನ ನಂಬರಿಗೆ ಬಿದ್ದು, ಕೆಳಗೆ ಗುಬ್ಬಿಯ ನಂಬರು ಇದ್ದಿದ್ದರೆ? ಒಂದು ಗಂಟೆಯಲ್ಲ, ಒಂದು ನಿಮಿಷವೂ ಯೋಚಿಸುತ್ತಿರಲಿಲ್ಲ. ಅದಕ್ಕೇ ನಿನ್ನನ್ನು ಬಯ್ಯಲು ನನಗೆ ಬಾಯಿಲ್ಲ. ಕ್ಷಮಿಸಲೂ ಬಾಯಿಲ್ಲ, ಏಕೆಂದರೆ ಕ್ಷಮಿಸಬೇಕಾದವನು ನಾನಲ್ಲ. ಆ ಶಾಪವನ್ನು ವಾಪಸು ತೆಗೆದುಕೊಂಡಿದ್ದೇನೆ. ಮಾತು ಆಡಿದರೆ ಹೋಯಿತು ಅಂತಾರೆ, ಆದರೂ ತೆಗೆದುಕೊಂಡಿದ್ದೇನೆ.

ಗುಬ್ಬಿಗೆ ಹೇಳಿಲ್ಲ. ಹೇಳಲೆಂದೇ ಮನೆಯ ದಾರಿ ಬಿಟ್ಟು ಇಲ್ಲಿಗೆ ಬಂದೆ. ಬಾಗಿಲಲ್ಲಿ ನನ್ನನ್ನು ಕಂಡು ಅವನು ಅತ್ತುಬಿಟ್ಟ. ತನಗೋಸ್ಕರ ಕೆಲಸ ಬಿಟ್ಟ ಗೆಳೆಯನೆಂದು ಓಣಿಯವರಿಗೆಲ್ಲಾ ತೋರಿಸಿದ. ಅವತ್ತು ಹೇಳಲಾಗಲಿಲ್ಲ, ಆಮೇಲೆ ಆಗಲೇ ಇಲ್ಲ. “ಯಾರು ಮಾಡಿರಬಹುದು?” ಎಂದು ಅವನು ಈಗಲೂ ಕೇಳುತ್ತಾನೆ. “ಯಾರೂ ಅಲ್ಲ, ಕಂಪ್ಯೂಟರು” ಎನ್ನುತ್ತೇನೆ. ದಿನವೂ ಅವನ ಮನೆಯ ಅನ್ನ ಉಂಡು ದಿನವೂ ಅದೇ ಸುಳ್ಳು.

ಇಲ್ಲಿಗೆ ಬರಬೇಡ. ಕೋಪದಿಂದ ಹೇಳುತ್ತಿಲ್ಲ. ನೀನು ಬಂದರೆ ಅವನು ನಿನ್ನನ್ನು ಕೂರಿಸಿ ಉಪಚಾರ ಮಾಡುತ್ತಾನೆ, ಅವಳು ಎಡಗೈಯಲ್ಲಿ ನಿನಗೂ ಬಡಿಸುತ್ತಾಳೆ. ಅದನ್ನು ನೋಡಲು ನನ್ನಿಂದಾಗದು. ನಾನೂ ಮನೆಗೆ ಬರುವುದಿಲ್ಲ. ಇವನನ್ನು ಇಲ್ಲಿ ಬಿಟ್ಟು ನಿನ್ನ ಮಂಚದ ಮೇಲೆ ಮಲಗಲು ಆಗುವುದಿಲ್ಲ.

ಕೆಲಸ ಬಿಡಬೇಡ. ಇನ್ನೊಂದು ಪಟ್ಟಿ ಬಂದರೆ ಏನು ಮಾಡಬೇಕೆಂದು ನನ್ನನ್ನು ಕೇಳಬೇಡ.

ನಾನು ಬರೆಯುತ್ತಿರುವುದು ನಿನಗೆ ಎಂದು ತಿಳಿದು ಗುಬ್ಬಿಯೂ ಒಂದು ಚೀಟಿ ಕೊಟ್ಟಿದ್ದಾನೆ. ಒಳಗಿದೆ. ಅದನ್ನು ಹರಿದುಹಾಕಲು ಕೈ ಬರಲಿಲ್ಲ.

ಅಪ್ಪ


(ಅದೇ ಲಕೋಟೆಯಲ್ಲಿ, ನಾಲ್ಕಾಗಿ ಮಡಿಸಿದ ಹಾಳೆ)

ಪುಟ್ಟೀ,

ಹೇಗಿದೀಯಮ್ಮ? ನಂಗೆ ಬರೆಯೋಕೆ ಅಷ್ಟು ಬರಲ್ಲ, ತಪ್ಪಿದ್ರೆ ನಗಬೇಡ.

ನಿಮ್ಮಪ್ಪ ತುಂಬಾ ಸೊರಗಿದಾನೆ. ಮಾತೇ ಆಡಲ್ಲ. ನನಗೋಸ್ಕರ ಇರೋ ಕೆಲಸಾನೂ ಬಿಟ್ಟು ಬಂದ, ಅಂಥವರು ಯಾರಿದಾರೆ ಹೇಳು. ನಾವು ನಿನ್ನ ವಿಷಯ ಎತ್ತಿದ್ರೆ ಸಾಕು, ಎದ್ದು ಆಚೆ ಹೋಗ್ತಾನೆ. ಏನೋ ಜಗಳ ಆಗಿದೆ ಅಂತ ನಮ್ಮವಳು ಹೇಳ್ತಾಳೆ. ಅಪ್ಪ ಮಗಳ ಜಗಳಕ್ಕೆ ನಾನು ಬಾಯಿ ಹಾಕಲ್ಲ. ಆದ್ರೆ ನೀನು ಆಫೀಸಲ್ಲಿದ್ದೂ ನನ್ನ ಕೆಲಸ ಉಳಿಸಲಿಲ್ಲ ಅಂತ ಅವನಿಗೆ ಕೋಪ ಇದ್ರೆ, ಅದು ತಪ್ಪು ಅಂತ ನಾನೇ ಹೇಳಿದೀನಿ. ಅವಳು ಚಿಕ್ಕ ಹುಡುಗಿ, ಅಷ್ಟು ದೊಡ್ಡ ಆಫೀಸಲ್ಲಿ ಅವಳ ಮಾತು ಯಾರು ಕೇಳ್ತಾರೆ ಅಂದೆ. ನನ್ನ ಮನಸ್ಸಲ್ಲಿ ಏನೂ ಇಲ್ಲಮ್ಮ.

ಒಂದ್ಸಲ ಬಾ. ನಿನ್ನ ನೋಡಿದ್ರೆ ಅವನು ಸರಿ ಹೋಗ್ತಾನೆ. ಯಾವ ಬಸ್ಸು ಅಂತ ತಿಳಿಸು, ನಾನೇ ನಿಲ್ದಾಣಕ್ಕೆ ಬಂದು ನಿಂತಿರ್ತೀನಿ.

ಗುಬ್ಬಿ ಮಾಮ